ಹೆಸರು ಬರೆಯುವ ಎಲ್ವಿನ್‌ನ ಬಿಡುಗಡೆ

ಮಾರ್ಚ್ ಮುಗಿಯುತ್ತಿತ್ತು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು. ವರ್ಮಾಂಟಿನ ಬೆಟ್ಟಗಳಲ್ಲಿ ಮೇಪಲ್ ಮರಗಳು ರಸ ಸುರಿಸುತ್ತಿದ್ದವು. ಎಲ್ವಿನ್ ಕಟ್ಟಿಂಗ್ ಆ ಸಿಹಿ ರಸವನ್ನು ಪಾಕಕ್ಕೆ ಕಾಯಿಸುವ ಕೊಪ್ಪರಿಗೆಯ ಕೆಳಗೆ ಸೌದೆ ಒಟ್ಟುತ್ತಿದ್ದಾಗ ರೇಡಿಯೋ ಹೇಳಿತು: ಹದಿನೆಂಟು ತುಂಬಿದ ಹುಡುಗರು ಇನ್ನು ಸೈನ್ಯದ ಕಡ್ಡಾಯ ಕರೆಗಾಗಿ ಹೆಸರು ಬರೆಸಬೇಕಾಗಿಲ್ಲ.

ಊರಿನಲ್ಲಿ ಆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದವನು ಎಲ್ವಿನ್ನೇ. ಸಂಬಳವಿಲ್ಲದ ಕೆಲಸ. ವಿಯೆಟ್ನಾಂ ಯುದ್ಧ ಶುರುವಾದಾಗಿನಿಂದ ತಾಯಂದಿರು ಅವನನ್ನು ಕಂಡರೆ ಹದ್ದು ಕಂಡ ಕೋಳಿಯಂತೆ ಮಕ್ಕಳನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದರು. ಯಾರಾದರೂ ಒಬ್ಬರು 'ಬಾ, ಕಾಫಿ ಕುಡಿ' ಅಂದರೆ ಸಾಕಾಗಿತ್ತು ಅವನಿಗೆ.

"ಪಾಕ ನೋಡ್ಕೋ ಆರ್ವಿಲ್ಲಾ. ಇವತ್ತು ಊರ ಸಭೆ ಇದೆ, ಸುದ್ದಿ ಹೇಳಿ ಬಂದ್ಬಿಡ್ತೀನಿ."

"ರಾತ್ರಿಯೆಲ್ಲಾ ಈ ಒಲೆ ಕಾದಿದ್ದೀನಿ," ಎಂದು ಹೆಂಡತಿ ಆಕಳಿಸಿದಳು. "ಬೇಗ ಬಾ."

ರಸ್ತೆ ಕಲಸಿದ ಹಿಟ್ಟಿನಂತಾಗಿತ್ತು. ಟ್ರಕ್ಕು ಮ್ಯೂರಿಯಲ್ ಪೆಲ್ಟಿಯರ್ ಮನೆಯೆದುರಿಗೇ ಹೂತುಕೊಂಡಿತು. ಅವಳ ಮಗ ಡೆನಿಸ್‌ಗೆ ಬರುವ ವಾರ ಹದಿನೆಂಟು.

"ಇನ್ನೂ ಒಂದು ವಾರ ಇದೆ ಕಣಯ್ಯ," ಎಂದಳು ಮ್ಯೂರಿಯಲ್ ಬಾಗಿಲ ಸಂದಿಯಿಂದ. "ಅಷ್ಟೇನು ಅವಸರ ನಿನಗೆ?"

"ಅವಸರ ಇಲ್ಲಮ್ಮ. ಎಲ್ಲಾ ಮುಗೀತು. ಇನ್ಮೇಲೆ ಯಾರೂ ಬರೆಸೋ ಹಾಗಿಲ್ಲ."

"ಬೈಬಲ್ ಮುಟ್ಟಿ ಹೇಳು."

"ಬೈಬಲ್ ಒಳಗಿದೆ. ನೀನು ಬಾಗಿಲು ತೆಗೆದ್ರೆ ತಾನೆ ಮುಟ್ಟೋದು?"

ಬಾಗಿಲು ತೆರೆಯಿತು. ಕಾಫಿ ಬಂತು, ಆಪಲ್ ಪೈ ಬಂತು. "ತಿನ್ನು. ಇಷ್ಟು ದಿನ ನಿನ್ನ ಬೈದದ್ದಕ್ಕೂ ಇದಕ್ಕೂ ಸರಿಹೋಯ್ತು," ಎಂದಳು. ಡೆನಿಸ್ ಟ್ರ್ಯಾಕ್ಟರಿನಿಂದ ಟ್ರಕ್ಕು ಎಳೆದುಕೊಟ್ಟ. ಮೂವರೂ ಸಭೆಗೆ ಹೋದರು.

ಸುದ್ದಿ ಕೇಳಿ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಖ ತಿರುಗಿಸಿಕೊಳ್ಳುತ್ತಿದ್ದ ಹೆಂಗಸರು ಜರುಗಿ ಜಾಗ ಮಾಡಿಕೊಟ್ಟರು. ಎಲ್ವಿನ್ ಇನ್ನೇನು ಕೂರಬೇಕು, ಕಿಟಕಿಯಲ್ಲಿ ಗುಡ್ಡದ ಮೇಲೆ ತನ್ನ ಕೊಪ್ಪರಿಗೆಯ ಕಡೆಯಿಂದ ಏಳುತ್ತಿದ್ದ ಕಪ್ಪು ಹೊಗೆ ಕಂಡಿತು.

ಓಡಿದ. ಆರ್ವಿಲ್ಲಾ ಕುರ್ಚಿಯಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು. ಕೊಪ್ಪರಿಗೆಯಲ್ಲಿ ಪಾಕದ ಬದಲು ಡಾಂಬರಿತ್ತು. ಹೋದರೆ ಹೋಗಲಿ, ಪಾಕ ನಾಳೆಯೂ ಕಾಯಿಸಬಹುದು, ಸಭೆಯಲ್ಲಿ ಸಿಕ್ಕ ಜಾಗ ನಾಳೆಗೆ ಇರಲ್ಲ ಎಂದುಕೊಂಡು ಬೆಂಕಿ ಆರಿಸಿ, ಮಸಿ ಮುಖದಲ್ಲೇ ಸಭೆಗೆ ಮರಳಿದ.

ಮತ್ತೆ ಚಪ್ಪಾಳೆ. ಈ ಸಲ ಇನ್ನೂ ಜೋರು.

"ಇದ್ಯಾಕಪ್ಪಾ?"

"ಹೊಸ ಕೆಲಸಕ್ಕೆ ನಿನ್ನನ್ನೇ ಆರಿಸಿದ್ವಿ," ಎಂದ ಸಭೆ ನಡೆಸುತ್ತಿದ್ದ ಮುದುಕ ಕ್ಲೇಟನ್. "ಒಬ್ಬರೂ ಬೇಡ ಅನ್ನಲಿಲ್ಲ. ಊರಿನ ನಾಯಿಗಳ ಹೆಸರು ಬರೆದು ತೆರಿಗೆ ವಸೂಲಿ ಮಾಡೋ ಕೆಲಸ."

"ನಾನು ಇಲ್ಲಿ ಇರಲೇ ಇಲ್ಲವಲ್ಲ!"

"ಅದಕ್ಕೇ ಸಿಕ್ಕಿದ್ದು. ಯಾರಿಗೂ ಬೇಡದ ಕೆಲಸ ಸಭೆ ಬಿಟ್ಟು ಎದ್ದು ಹೋದವನಿಗೆ. ನಿಮ್ಮಜ್ಜನ ಕಾಲದಿಂದ ನಡೆದು ಬಂದದ್ದು. ಜೊತೆಗೆ ನಿನಗೆ ಕೈ ಪಳಗಿದ ಕೆಲಸ. ಒಂದೇ ವ್ಯತ್ಯಾಸ. ಹುಡುಗರಾದ್ರೆ ತಾವೇ ಬಂದು ಬರೆಸ್ತಿದ್ರು. ನಾಯಿಗಳು ಬರಲ್ಲ, ಮನೆಮನೆಗೂ ನೀನೇ ಹೋಗ್ಬೇಕು."

ಎಲ್ವಿನ್ ಸಹಾಯಕ್ಕಾಗಿ ಸುತ್ತ ನೋಡಿದ. ಬೆಂಚುಗಳು ಆಗಲೇ ಖಾಲಿಯಾಗುತ್ತಿದ್ದವು. ಬಾಗಿಲ ಬಳಿ ಮ್ಯೂರಿಯಲ್ ಮಗನ ಕಿವಿಯಲ್ಲಿ ಹೇಳುತ್ತಿದ್ದುದು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸಿತು:

"ಡೆನಿಸ್, ಮುಂದೆ ಓಡು. ನಾಲ್ಕನ್ನೂ ಕೊಟ್ಟಿಗೇಲಿ ಕೂಡಿ ಹಾಕು. ಬೊಗಳದ ಹಾಗೆ ನೋಡ್ಕೋ."