ಮಾವನ ಸೂರ್ಯನಮಸ್ಕಾರ

ಮಳೆ ಬಾರದಿದ್ದರೆ ಚಿಂತಿಸುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಮಳೆ ಹೊತ್ತಿಗೆ ಸರಿಯಾಗಿ ಬಂದರೂ, ಇದರಲ್ಲೇನೋ ಮಸಲತ್ತಿದೆ ಎಂದು ಆಕಾಶವನ್ನು ಸಂಶಯದಿಂದ ನೋಡುವವರನ್ನು ನೋಡಿದ್ದೀರಾ? ಇಲ್ಲದಿದ್ದರೆ ಸವಣೂರಿಗೆ ಬನ್ನಿ. ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನ್ನ ಸೋದರಮಾವನನ್ನು ತೋರಿಸುತ್ತೇನೆ.

ಒಮ್ಮೆ ಹತ್ತಿಮತ್ತೂರಿನ ಮದುವೆಗೆ ಹೊರಟವರು ಅರ್ಧ ದಾರಿಯಲ್ಲೇ ಬಸ್ಸಿಳಿದು, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಮನೆಗೆ ಮರಳಿದರು. ಬಂದ್ ಆಗಿತ್ತು. ಖಾತ್ರಿಗೆಂದು ಒಮ್ಮೆ ಹಚ್ಚಿ ಆರಿಸಿದರು. ಮತ್ತೆ ಬಸ್ ಹತ್ತಿದ ಮೇಲೆ, ಹಚ್ಚಿದ್ದು ನೆನಪಿದೆ, ಆರಿಸಿದ್ದು ನೆನಪಿಲ್ಲ! ಮದುವೆಯ ಊಟ ಅವರಿಗೆ ಸಿಗಲಿಲ್ಲ.

ಹೀಗಿರುವಾಗ ಬಿ.ಪಿ. ಏರದೆ ಇನ್ನೇನಾದೀತು? ಡಾಕ್ಟರು ಗುಳಿಗೆ ಕೊಟ್ಟು, ಯೋಗಕ್ಕೂ ಹೋಗಿ, ಮನಸ್ಸು ಹಗುರಾಗುತ್ತದೆ ಎಂದರು. ಮಾವ ಮರುದಿನವೇ ಊರ ಕಲ್ಯಾಣಮಂಟಪದ ಯೋಗದ ತರಗತಿಗೆ ಸೇರಿದರು. ನಾನೂ ಅಲ್ಲಿಗೆ ಹೋಗುತ್ತಿದ್ದೆ, ಆದ್ದರಿಂದ ಇದು ಕಣ್ಣಾರೆ ಕಂಡದ್ದು.

ಸೂರ್ಯನಮಸ್ಕಾರ ಹೊಳೆಯಂತೆ ಹರಿಯಬೇಕು, ಒಂದು ಆಸನ ಮುಗಿದಲ್ಲೇ ಇನ್ನೊಂದು ಶುರುವಾಗಬೇಕು ಎನ್ನುತ್ತಿದ್ದರು ಕಲಿಸುವ ಅಕ್ಕನವರು. ಮಾವನ ಹೊಳೆಗೆ ಹೆಜ್ಜೆಗೊಂದು ಒಡ್ಡು. ಕೈ ಮೇಲೆತ್ತಿದರೆ ಫ್ಯಾನಿನ ನಟ್ಟು ಬಿಗಿಯಾಗಿದೆಯೇ ಎಂಬ ಪರೀಕ್ಷೆ. ಬಗ್ಗಿದರೆ ಕಿಸೆಯಿಂದ ಅಂಗಡಿಯ ಕೀಲಿಕೈ ಬಿದ್ದೀತೆಂಬ ಭಯ. ಕಾಲು ಹಿಂದೆ ಚಾಚಿದವರು ಅಲ್ಲೇ ನಿಂತು, ಲಟಕ್ ಎಂದದ್ದು ತಮ್ಮ ಎಲುಬೋ ಪಕ್ಕದವರದೋ ಎಂದು ವಿಚಾರಿಸುತ್ತಿದ್ದರು. ಕೊನೆಗೆ ಶವಾಸನ. ಎಲ್ಲರೂ ಅಂಗಾತ ಮಲಗಿದರೆ ಮಾವ ಮಾತ್ರ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

“ಯಾಕ್ರಿ ಕಾಕಾ, ಮಲಕೊಳ್ರಿ,” ಎಂದರು ಅಕ್ಕನವರು.

“ಆ ಆಸನದ ಹೆಸರು ಬದಲಿ ಮಾಡ್ರಿ, ಮಲಕೊಳ್ತೇನಿ,” ಎಂದರು ಮಾವ.

ಹೋದ ವರ್ಷ ನನ್ನ ಅವ್ವನಿಗೆ, ಎಂದರೆ ಮಾವನ ಅಕ್ಕನಿಗೆ, ಹುಬ್ಬಳ್ಳಿಯಲ್ಲಿ ಹೃದಯದ ಆಪರೇಷನ್ ಆಯಿತು. ತಾಯಿ ಬೇಗ ತೀರಿಹೋಗಿದ್ದರಿಂದ ಮಾವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮಾವನನ್ನು ಕರೆತರಬೇಡಿ, ಒಬ್ಬರ ಬದಲು ಇಬ್ಬರು ರೋಗಿಗಳಾಗುತ್ತಾರೆ ಎಂದು ಮನೆಯವರೆಲ್ಲ ಹೇಳಿದರು. ಆದರೂ ಬಂದರು.

ಅವ್ವನನ್ನು ಒಳಗೆ ಒಯ್ದು ಬಾಗಿಲು ಮುಚ್ಚಿದ್ದೇ, ನಾನು ಬೆಂಚಿನ ಮೇಲೆ ಕುಸಿದು ಕುಳಿತೆ. ಏದುಸಿರು ಬಿಡತೊಡಗಿದೆ. ಮಾವ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಕಾರಿಡಾರಿನ ಮೂಲೆಯಲ್ಲಿ ಟವೆಲ್ ಹಾಸಿದರು.

“ಏಳು. ನನ್ನ ಕೂಡ ಮಾಡು.”

“ಮಾಮಾ, ನಿಮಗ ಅಂಜಿಕಿ ಆಗವಲ್ದೇನು?”

“ಆಗಾಕತ್ತೈತಿ. ಅದು ಇರ್ಲಿ, ನೀ ಕೈ ಎತ್ತು.”

ಕೈ ಎತ್ತಿದೆವು, ಬಾಗಿದೆವು, ಕಾಲು ಚಾಚಿದೆವು, ಎದ್ದೆವು. ನೋಡಿದವರು ನಕ್ಕಿರಬಹುದು. ಮಾವ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಅವರ ಮೈ ಒಂದು ಆಸನದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯುತ್ತಿತ್ತು. ಅವರ ಬೆನ್ನು ಹತ್ತಿ ನನ್ನ ಉಸಿರೂ ಮೆಲ್ಲಗೆ ದಾರಿಗೆ ಬಂತು.

ಆಪರೇಷನ್ ಸುಸೂತ್ರವಾಯಿತು. ಸಂಜೆ ನಮ್ಮನ್ನು ಒಳಗೆ ಬಿಟ್ಟಾಗ ಅವ್ವ ಇನ್ನೂ ಮಂಪರಿನಲ್ಲಿದ್ದಳು. ಮಾವ ಸ್ಟೂಲು ಎಳೆದುಕೊಂಡು ಕುಳಿತು ಅವಳ ಕೈ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ: ಅವ್ವನ ಎದೆ ಏರಿದಾಗ ಮಾವನದೂ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು.