ತೆರೆಯುವುದೂ ಮುಚ್ಚುವುದೂ ಒಬ್ಬರದೇ

ನಾಸಿಕದ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಬಾಗಲಕೋಟೆಯ ರಘೋತ್ತಮನ ಕೆಲಸವೆಂದರೆ, ದ್ರಾಕ್ಷಿ ಗೋದಾಮಿನ ಲೆಕ್ಕ ಇಡುವ ಪ್ರೋಗ್ರಾಮನ್ನು ಟೆಸ್ಟ್ ಮಾಡುವುದು. ಟೆಸ್ಟುಗಳು ತಾವಾಗಿಯೇ ಓಡುತ್ತವೆ, ಆದರೆ ಎತ್ತಿನ ಗಾಡಿಯ ಹಾಗೆ. ಪ್ರತಿಯೊಂದು ಟೆಸ್ಟೂ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆದು, ಕೆಲಸ ಮುಗಿಸಿ, ಚೊಕ್ಕಟ ಮಾಡಿ, ಮುಚ್ಚಿ ಬರಬೇಕು. ಒಂದೊಂದು ದ್ರಾಕ್ಷಿಗೂ ಗೋದಾಮಿನ ಬೀಗ ತೆಗೆದು ಹಾಕಿದಂತೆ.

ಅಂದು ಅವನಿಗೆ ಅವಸರವಿತ್ತು. ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೆಂಡತಿ ಪ್ರೇಮಾಳೊಂದಿಗೆ ನಾಲ್ಕರ ಬಸ್ಸಿಗೆ ಸಂಭಾಜಿನಗರಕ್ಕೆ ಹೊರಡಬೇಕು. ಸೀಮಂತಕ್ಕೆ ಹೋಗಿರಲಿಲ್ಲ, ಇದೂ ತಪ್ಪಿದರೆ ಮನೆಯಲ್ಲಿ ಮಾತು ಬಂದ್. ಮ್ಯಾನೇಜರ್ ಸುಧಾಕರ ಸಾಹೇಬರು ಧಾರವಾಡದವರೇ, ಆದರೂ ಬಿಗಿ. "ಎಲ್ಲಾ ಟೆಸ್ಟ್ ಪಾಸ್ ಆಗ್ಲಿ, ಆಮ್ಯಾಲೆ ಖುಷಾಲ್ ಹೋಗ್ರಿ" ಎಂದಿದ್ದರು.

ರಘೋತ್ತಮ ಉಪಾಯ ಹೂಡಿದ. ಮೊದಲಿಗೆ ಒಮ್ಮೆ ಕನೆಕ್ಷನ್ ತೆರೆಯುವುದು, ಎಲ್ಲ ಟೆಸ್ಟುಗಳೂ ಅದನ್ನೇ ಹಂಚಿಕೊಳ್ಳುವುದು, ಕೊನೆಗೆ ಒಮ್ಮೆ ಮುಚ್ಚುವುದು. ಓಡಿಸಿದ. ಅರ್ಧದವರೆಗೆ ಪಾಸಿನ ಹಸಿರು, ಆಮೇಲೆ ಬರೀ ಫೇಲಿನ ಕೆಂಪು. ಸಹೋದ್ಯೋಗಿ ಅತುಲ್ ಬರೆದಿದ್ದ ಟೆಸ್ಟು ನಡುವೆಯೇ ಕನೆಕ್ಷನ್ ಮುಚ್ಚಿತ್ತು.

"ಯಾಕಪ್ಪಾ ಮುಚ್ಚಿದಿ?"

ನಾಸಿಕದಲ್ಲೇ ಬೆಳೆದ ಅತುಲನ ಕನ್ನಡಕ್ಕೆ ಮರಾಠಿಯೇ ಊರುಗೋಲು. "ಆಯಿ ಸಾಂಗತೇ ನಾ ಸರ್, ಕೆಲಸ ಝಾಲಾ ಕೀ ಬಾಗಿಲು ಬಂದ್." ಕೆಲಸ ಮುಗಿಯಿತೋ ಬಾಗಿಲು ಮುಚ್ಚಬೇಕೆಂದು ಅವನಿಗೆ ತಾಯಿ ಕಲಿಸಿದ್ದಳು.

"ನಿನ್ನ ಹಿಂದ ಇನ್ನೂ ಮಂದಿ ಬರ್ಲಿಕ್ಕತ್ತಾರಲ್ಲೋ ಮಾರಾಯಾ!"

ಪಕ್ಕದ ಮೇಜಿನ ಮೃಣಾಲಿನಿ ಇದನ್ನು ಕೇಳಿಸಿಕೊಂಡು ಉಪಕಾರಕ್ಕೆ ಹೊರಟಳು. ಮುಚ್ಚುವ ಸಾಲುಗಳನ್ನೆಲ್ಲ, ಕೊನೆಯದನ್ನೂ ಸೇರಿಸಿ, ಅಳಿಸಿಹಾಕಿ ಮತ್ತೆ ಮತ್ತೆ ಓಡಿಸಿದಳು. ಪ್ರತಿ ಸಲವೂ ಒಂದು ಕನೆಕ್ಷನ್ ತೆರೆದೇ ಉಳಿಯಿತು. ಕಡೆಗೆ ಡೇಟಾಬೇಸು, ತುಂಬಿದ ಬಸ್ಸಿನ ಕಂಡಕ್ಟರನಂತೆ, ಯಾರನ್ನೂ ಹತ್ತಿಸಿಕೊಳ್ಳಲಿಲ್ಲ.

"ಕಡೀಕ ಅತುಲ್ ಮುಚ್ತಾನ ಅಂದ್ಕೊಂಡಿದ್ದೆರಿ" ಎಂದಳು.

ಅಷ್ಟರಲ್ಲಿ ಪ್ರೇಮಾಳ ಫೋನು. "ರೀ, ಹೊರಟ್ರೇನು?"

"ಇನ್ನೇನು ಬಂದೆ. ಒಂದು ಮಾತು ಗೊತ್ತಾತು ನೋಡು. ತೆರೆಯೋದೂ ಮುಚ್ಚೋದೂ ಒಬ್ಬರ ಕೈಯಾಗ ಇರಬೇಕು. ಹತ್ತು ಮಂದಿ ಕೈ ಹಾಕಿದ್ರ ಕೆಲಸ ಕೆಡ್ತದ."

ತೆರೆದೇ ಉಳಿದಿದ್ದ ಕನೆಕ್ಷನ್‌ಗಳನ್ನೆಲ್ಲ ಮುಚ್ಚಿ, ತೆರೆಯುವ ಮತ್ತು ಮುಚ್ಚುವ ಸಾಲುಗಳೆರಡನ್ನೂ ಒಂದೇ ಕಡೆ ಬರೆದು, ಬೇರೆ ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದ. ಚಹಾ ಕುಡಿದು ಮುಗಿಸುವುದರೊಳಗೆ ಎಲ್ಲ ಟೆಸ್ಟೂ ಹಸಿರು. ಗಂಟೆ ಇನ್ನೂ ಮೂರು. ಹೆಗಲಿಗೆ ಬ್ಯಾಗೇರಿಸಿದ ರಘೋತ್ತಮನನ್ನು ಸಾಹೇಬರು ತಡೆದು ಗುಟ್ಟು ಕೇಳಿದರು. ಅವನು ಹೆಮ್ಮೆಯಿಂದ ಅದೇ ಮಾತು ಹೇಳಿದ.

ಸಾಹೇಬರು ಕೂಡಲೇ ಅತುಲ, ಮೃಣಾಲಿನಿ ಇಬ್ಬರಿಂದಲೂ ಕಚೇರಿಯ ಕೀಲಿ ಇಸಿದುಕೊಂಡು, ತಮ್ಮದನ್ನೂ ಸೇರಿಸಿ ಅವನ ಕೈಗಿಟ್ಟರು.

"ನಮ್ಮ ಆಫೀಸಿನ ರೋಗಾನೂ ಇದ ನೋಡ್ರಿ. ಮೊನ್ನೆ ಈಕಿ ಒಳಗಿದ್ದಾಗನ ಅತುಲ್ ಬೀಗ ಜಡದ. ನಿನ್ನೆ ರಾತ್ರಿಯೆಲ್ಲಾ ಬಾಗಿಲ ತೆರದ ಇತ್ತು. ಇವತ್ತಿಂದ ತೆರೆಯೋದೂ ನೀವ, ಮುಚ್ಚೋದೂ ನೀವ."

"ಸಾಹೇಬ್ರ, ನನ್ನ ಬಸ್ಸು..."

"ಹೋಗ್ರಿ, ಯಾರು ಬ್ಯಾಡಂತಾರ? ಎಲ್ಲಾರೂ ಹೋದಮ್ಯಾಲೆ ಬೀಗ ಹಾಕಿ ಹೋಗ್ರಿ."

ಟೆಸ್ಟು ಇಷ್ಟು ಬೇಗ ಮುಗಿಯುವ ಖುಷಿಗೆ ಅತುಲ, ಮೃಣಾಲಿನಿ ಕತ್ತಲಾಗುವವರೆಗೂ ಅದನ್ನೇ ಓಡಿಸುತ್ತ ಕೂತರು. ಅವರು ಹೋದ ಮೇಲೆ ರಘೋತ್ತಮ ಹೆದರುತ್ತಲೇ ಹೆಂಡತಿಗೆ ಫೋನು ಮಾಡಿದ.

"ನಾ ನಾಲ್ಕರ ಬಸ್ಸಿಗೇ ಹೊಂಟು ವೈಜಾಪುರ ದಾಟೇನಿ. ಅಡಿಗಿ ಮಾಡಿಟ್ಟೇನಿ, ಉಂಡು ಮಲಕೋರಿ" ಎಂದಳು ಪ್ರೇಮಾ. ಸಿಟ್ಟೇ ಇಲ್ಲ! ಅವನ ಜೀವ ತಣ್ಣಗಾಯಿತು.

"ನನ್ನ ಮನೀ ಕೀಲಿ ಗ್ವಾಡಿ ಮೊಳಿಗೇ ಬಿಟ್ಟು ಬಂದೇನಿ. ಬಾಜೂ ಮನ್ಯಾಗ ಕೊಟ್ಟೀಯಲ್ಲಾ?"

"ಯಾಕ? ಎರಡೂ ನನ್ನ ಹತ್ರನ ಅವ. ನೀವ ಹೇಳಿದ್ರಲ್ಲಾ, ತೆರೆಯೋದೂ ಮುಚ್ಚೋದೂ ಒಬ್ಬರ ಕೈಯಾಗ ಇರಬೇಕಂತ!"

ರಘೋತ್ತಮ ಕೈಯಲ್ಲಿದ್ದ ಗೊಂಚಲನ್ನು ನೋಡಿದ. ಮೂರು ಕೀಲಿ, ಮೂರೂ ಆಫೀಸಿನವೇ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮೇಜಿನ ಮೇಲೆ ಮಲಗಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯಬೇಕಾದವನೂ ಅವನೇ ತಾನೆ.