ಮಹೋಪಧಾನ ಮತ್ತು ಮದುವೆಯ ಪ್ಯಾಂಟು

ಯಾರ ಹೆಂಡತಿಯ ಸೊಂಟ ಬೇಕಾದರೂ ನೋಯಲಿ, ಹಾಸಿಗೆ ಅಂಗಡಿಯವನ ಹೆಂಡತಿಯ ಸೊಂಟ ಮಾತ್ರ ನೋಯಬಾರದು. ಇದು ನಮ್ಮ ಹಾಸಿಗೆ ಸಾಹುಕಾರರ ಖಡಾಖಂಡಿತ ಅಭಿಪ್ರಾಯ. (ಸಾಹುಕಾರರು ಅನ್ನುವುದು ಬರೀ ಕರೆಯುವ ಹೆಸರು. ಇರುವುದು ಒಂದೇ ಬಾಗಿಲಿನ ಅಂಗಡಿ, ಅದರಲ್ಲೂ ಅರ್ಧ ಬಾಗಿಲಿಗೆ ಹಾಸಿಗೆ ಅಡ್ಡ.) ಅಂಗಡಿಯ ಬೋರ್ಡಿನ ಮೇಲೆ ‘ಇಲ್ಲಿ ಕೊಂಡವರ ಬೆನ್ನು ಮತ್ತೆ ನೋಯದು’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾರೆ. ಹೀಗಿರುವಾಗ, ಏಳು ತಿಂಗಳು ತುಂಬಿದ ಹೆಂಡತಿ ಬೆಳಗಾದರೆ ಸೊಂಟ ಹಿಡಿದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ನರಳಿದರೆ ವ್ಯಾಪಾರದ ಗತಿ ಏನು?

“ಸ್ವಲ್ಪ ಮೆಲ್ಲಗೆ ನರಳೇ. ಎದುರು ಮನೆಯವರು ಹೊಸ ಹಾಸಿಗೆ ತಗೋಬೇಕು ಅಂತಿದ್ದಾರೆ.”

“ಹಾಗಾದ್ರೆ ಈ ಹೊಟ್ಟೆ ನೀವು ಹೊತ್ಕೊಳ್ಳಿ, ನಾನು ಹೋಗಿ ಅಂಗಡೀಲಿ ಕೂತ್ಕೋತೀನಿ.”

ಸಾಹುಕಾರರು ಸುಮ್ಮನೆ ಕೂರುವ ಜಾತಿಯವರಲ್ಲ. ನಾರಿನ ಹಾಸಿಗೆ ತಂದರು. ನೆಲವೇ ಇದಕ್ಕಿಂತ ಮೆತ್ತಗಿದೆ ಅಂದಳು. ಸ್ಪಂಜಿನದು ತಂದರು. ಒಳಗೆ ಹೂತು ಹೋದವಳನ್ನು ಎಬ್ಬಿಸಲು ಅತ್ತೆ ಒಂದು ಕೈ, ಗಂಡ ಒಂದು ಕೈ ಹಿಡಿದು ಎಳೆಯಬೇಕಾಯಿತು. ಸ್ಪ್ರಿಂಗಿನದು ತಂದರು. ಇವರು ಮಗ್ಗುಲು ಬದಲಿಸಿದರೆ ಅವಳು ಎಗರಿ ಬೀಳುತ್ತಿದ್ದಳು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಪರೀಕ್ಷೆ ಮಾಡಿ, “ಹೊಟ್ಟೆಯ ಭಾರಕ್ಕೆ ಹೀಗಾಗುತ್ತೆ, ಗಾಬರಿ ಬೇಡ. ಒಂದು ಮಗ್ಗುಲಿಗೆ ಮಲಗಮ್ಮ. ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆ ಕೆಳಗೆ ಒಂದು. ಬೆಚ್ಚಗಿನ ಶಾಖ ಕೊಡು, ತುಂಬ ಹೊತ್ತು ನಿಲ್ಲಬೇಡ, ನಿಧಾನಕ್ಕೆ ನಡೆದಾಡು. ಏಳುವಾಗ ನೆಟ್ಟಗೆ ಏಳಬೇಡ. ಮಗ್ಗುಲಿಗೆ ತಿರುಗಿ, ಕಾಲು ಇಳಿಬಿಟ್ಟು, ಕೈ ಊರಿ ಏಳು” ಅಂದರು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಕಿವಿಗೆ ಬಿದ್ದದ್ದು ‘ದಿಂಬು’ ಒಂದೇ.

“ಎರಡು ದಿಂಬು ಯಾಕೆ? ಎರಡು ಕೆಲಸಕ್ಕೂ ಒಂದೇ ಮಾಡ್ತೀನಿ, ನೋಡ್ತಿರು!”

ಮಾಡಿಯೂ ಮಾಡಿದರು. ಕುದುರೆ ಲಾಳದ ಆಕಾರ, ಮಂಚದುದ್ದಕ್ಕೂ ಹರಡುವ ಗಾತ್ರ, ಅಂಚಿಗೆ ಜರಿ ಬೇರೆ. ಅದಕ್ಕೆ ‘ಗರ್ಭಸೌಖ್ಯ ಮಹೋಪಧಾನ’ ಎಂದು ನಾಮಕರಣವನ್ನೂ ಮಾಡಿದರು. (ಉಪಧಾನ ಅಂದರೆ ದಿಂಬು. ದಿಂಬು ಅಂದರೆ ಬೆಲೆ ಏರುವುದಿಲ್ಲ.) ಆದರೆ ಸಾಹುಕಾರರ ಕಸುಬಿನಲ್ಲಿ ಒಂದು ಚಾಳಿಯಿತ್ತು. ಗಿರಾಕಿಗಳು ದಿಂಬಿಗೆ ಗುದ್ದಿ ನೋಡುತ್ತಾರೆ, ಒಳಗೆ ಹೋದರೆ ಹತ್ತಿ ಕಮ್ಮಿ ಅನ್ನುತ್ತಾರೆ. ಹಾಗಾಗಿ ಇವರು ದಿಂಬು ತುಂಬುವುದೇ ಗುದ್ದಿಗೆ, ತಲೆಗಲ್ಲ. ಮಹೋಪಧಾನಕ್ಕಂತೂ ಕೋಲು ಹಾಕಿ ಹಾಕಿ ಜಡಿದಿದ್ದರು.

“ಹೇಗಿದೆ?” ಎಂದು ಹಿಗ್ಗಿನಿಂದ ಕೇಳಿದರು.

“ಕಾಂಪೌಂಡ್ ಗೋಡೆ ತಬ್ಕೊಂಡು ಮಲಗಿದ ಹಾಗಿದೆ ರೀ. ಬಗ್ಗೋದೇ ಇಲ್ಲ.”

“ಹೊಸದಲ್ವಾ, ಪಳಗುತ್ತೆ ಬಿಡು.”

ಅದು ಪಳಗುವ ಮೊದಲು ಸಾಹುಕಾರರೇ ಮಂಚ ಬಿಡಬೇಕಾಯಿತು. ಹೆಂಡತಿ, ಹೊಟ್ಟೆ, ಮಹೋಪಧಾನ, ಮೂರಕ್ಕೇ ಮಂಚ ತುಂಬಿತ್ತು. ಚಾಪೆ ಸುತ್ತಿಕೊಂಡು ಹಜಾರಕ್ಕೆ ನಡೆದರು. ವಾರ ಕಳೆಯುವಷ್ಟರಲ್ಲಿ ನರಳಾಟ ನಿಂತಿತು! ಬೆಳಗ್ಗೆ ಇಣುಕಿ ನೋಡಿದರೆ ಮಂಚದ ಮೇಲೆ ಮಹೋಪಧಾನ ಮೆರೆಯುತ್ತಿತ್ತು, ಹೆಂಡತಿ ಗುನುಗುತ್ತ ಜಡೆ ಹೆಣೆದುಕೊಳ್ಳುತ್ತಿದ್ದಳು. ಸಾಹುಕಾರರ ಎದೆ ಉಬ್ಬಿತು. ಅಂಗಡಿಗೆ ಬಂದವರಿಗೆಲ್ಲ ಅದೇ ಪುರಾಣ.

ಹಾಗೆ ಬಂದವರಲ್ಲಿ ಹೆರಿಗೆ ಆಸ್ಪತ್ರೆಯ ದೊಡ್ಡ ಸಿಸ್ಟರ್ ಒಬ್ಬರು. ವಾರ್ಡಿಗೆ ದಿಂಬು ಬೇಕಿತ್ತು. ಮಹೋಪಧಾನದ ಮಹಿಮೆಯನ್ನು ಪೂರ್ತಿ ಕೇಳಿ, “ಮಾತು ಬೇಡ ಸಾಹುಕಾರ್ರೇ, ಮಲಗಿರೋ ಬಸುರೀನ ತೋರಿಸಿ. ಹಿಡಿಸಿದ್ರೆ ವಾರ್ಡಿಗೆಲ್ಲ ನಿಮ್ಮದೇ” ಅಂದರು. ಅಂಗಡಿ ಹುಟ್ಟಿದಾಗಿನಿಂದ ಇಂಥ ಆರ್ಡರ್ ಬಂದಿರಲಿಲ್ಲ. ಸಾಹುಕಾರರು ಆ ಗಳಿಗೆಯಲ್ಲೇ ಶಟರ್ ಎಳೆದು, “ಈಗ ಊಟ ಮಾಡಿ ಮಲಗೋ ಹೊತ್ತು, ಬನ್ನಿ ಸಿಸ್ಟರ್!” ಎಂದು ಮನೆಗೆ ಕರೆತಂದರು.

ಬಾಗಿಲು ತೆಗೆದ ತಾಯಿಯ ಮುಖ ಬಿಳುಪೇರಿತು. “ಈಗ ಬೇಡ ಕಣೋ. ಪಾಪ, ಈಗಿನ್ನೂ ಕಣ್ಣು ಮುಚ್ಚಿದ್ದಾಳೆ.”

“ಅದನ್ನೇ ನೋಡೋಕೆ ಬಂದಿರೋದು ಅಮ್ಮ, ಸ್ವಲ್ಪ ಪಕ್ಕಕ್ಕೆ ಸರಿ.”

ಒಳಗೆ ಕಾಲಿಟ್ಟರೆ, ಹಿತ್ತಲ ಬಾಗಿಲು ಗಾಳಿಗೆ ಬಡಿಯದ ಹಾಗೆ ಏನೋ ದಪ್ಪದ್ದನ್ನು ಒತ್ತಿಟ್ಟಿದ್ದರು. ಅಂಚಿಗೆ ಜರಿ ಮಿನುಗುತ್ತಿತ್ತು. ಸಾಹುಕಾರರಿಗೆ ಎಲ್ಲೋ ನೋಡಿದ ಹಾಗನ್ನಿಸಿತು. ಅಷ್ಟರಲ್ಲಿ ಸಿಸ್ಟರ್ ಕೋಣೆಯ ಪರದೆ ಸರಿಸಿದರು.

ಮಂಚದ ಮೇಲೆ ಹೆಂಡತಿ ನಿಶ್ಚಿಂತೆಯಾಗಿ ನಿದ್ದೆ ಹೋಗಿದ್ದಳು. ಹೊದಿಕೆಯ ತುದಿಯಿಂದ ಬೂದುಬಣ್ಣದ ಪ್ಯಾಂಟು ತೊಟ್ಟ ಗಂಡಸಿನ ಕಾಲೊಂದು ಹೊರಗೆ ಚಾಚಿತ್ತು.

ಸಾಹುಕಾರರಿಗೆ ಕಣ್ಣು ಕತ್ತಲಿಟ್ಟಿತು. “ಯಾರೋ ಅದು?” ಎಂದು ಕಿರುಚಿ ಆ ಕಾಲನ್ನು ಹಿಡಿದು ಎಳೆದರು. ಕಾಲು ಮೆತ್ತಗೆ ಬಗ್ಗಿತು, ತುದಿಯಲ್ಲಿ ಪಾದವಿರಲಿಲ್ಲ. ದಾರ ಹಾಕಿ ಹೊಲಿದಿತ್ತು.

ಹೆಂಡತಿ ಎಚ್ಚೆತ್ತು ಇನ್ನೊಂದು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಬಿಡ್ರೀ, ಹರಿದೀತು!”

“ಇದು… ಇದು ನನ್ನ ಮದುವೆ ಪ್ಯಾಂಟಲ್ವೇನೇ?”

“ಹೂಂ. ಈಗ ನಿಮಗೆ ಮಂಡಿ ದಾಟಿ ಮೇಲೆ ಹತ್ತಲ್ವಲ್ಲ, ಪೆಟ್ಟಿಗೇಲಿ ಕೊಳೀತಿತ್ತು. ಅತ್ತೆ ಹಳೇ ಬಟ್ಟೆ, ಹತ್ತಿ ಸಡಿಲವಾಗಿ ತುಂಬಿ ಹೊಲಿದುಕೊಟ್ರು. ಒಂದು ಕಾಲು ಮಂಡಿ ನಡುವೆ, ಒಂದು ಕಾಲು ಹೊಟ್ಟೆ ಕೆಳಗೆ. ಎಷ್ಟು ಹಾಯಾಗಿದೆ ಗೊತ್ತಾ!”

“ಮತ್ತೆ ಬೆಳಗ್ಗೆ ಮಂಚದ ಮೇಲೆ ನನ್ನ ಮಹೋಪಧಾನ ಇರ್ತಿತ್ತಲ್ಲ?”

ತಾಯಿ ಸೆರಗಿನ ತುದಿ ತಿರುವುತ್ತ, “ನೀನು ಏಳೋ ಮುಂಚೆ ನಾನೇ ಎಳೆದು ಹಾಕ್ತಿದ್ದೆ ಕಣಪ್ಪ. ನಿನ್ನ ಮನಸ್ಸು ನೋಯಬಾರ್ದು ಅಂತ” ಅಂದರು.

ನಂಬಿದ ತಾಯಿ, ಕೈ ಹಿಡಿದ ಹೆಂಡತಿ, ಇಬ್ಬರೂ ಸೇರಿ ಹೀಗೆ ಮಾಡಿದರಲ್ಲ ಎಂದು ಸಾಹುಕಾರರಿಗೆ ನಿಜಕ್ಕೂ ಅಳು ಬಂತು. ಸಿಸ್ಟರ್ ಮಾತ್ರ ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. “ಭಲೇ! ಇಂಥದ್ದೇ ಬೇಕು ನಮಗೆ. ಒಂದ್ಸಲ ವಾರ್ಡಿಗೆ ಬಂದು ಹೇಗೆ ಮಲಗೋದು ಅಂತ ಎಲ್ರಿಗೂ ತೋರಿಸಮ್ಮ.”

“ಈ ಹೊಟ್ಟೆ ಹೊತ್ಕೊಂಡು ಎಲ್ಲಿ ಬರ್ಲಿ ಸಿಸ್ಟರ್? ಇವರನ್ನೇ ಕರ್ಕೊಂಡು ಹೋಗಿ. ಇವರ ಹೊಟ್ಟೇನೂ ಸಾಕಷ್ಟಿದೆ.”

ಆರ್ಡರ್ ಅಂದರೆ ಆರ್ಡರ್. ಮರುದಿನ ಸಾಹುಕಾರರು ಇನ್ನೊಂದು ಹಳೆಯ ಪ್ಯಾಂಟು ತುಂಬಿಕೊಂಡು (ಮೊದಲ ಬಾರಿಗೆ ಸಡಿಲವಾಗಿ) ವಾರ್ಡಿಗೆ ಹೋದರು. ಸಾಲಾಗಿ ಕೂತ ಬಸುರಿಯರ ಮುಂದೆ ಮಂಚ ಹತ್ತಿ, ಒಂದು ಕಾಲು ಮಂಡಿ ನಡುವೆ, ಒಂದು ಕಾಲು ಹೊಟ್ಟೆ ಕೆಳಗೆ ಇಟ್ಟು ಮಲಗಿದರು. ಮುಸಿಮುಸಿ ನಗು ಹಬ್ಬಿತು. ನಗಲಿ ಬಿಡಿ, ವ್ಯಾಪಾರದಲ್ಲಿ ಮಾನ ಅವಮಾನ ನೋಡಲಾಗುತ್ತದೆಯೇ? ಆದರೂ ಒಂದು ಮಾತು ಹೇಳಬೇಕು, ಆ ದಿಂಬು ಎಷ್ಟು ಹಿತವಾಗಿತ್ತೆಂದರೆ ಅವರಿಗೂ ಕಣ್ಣು ಎಳೆಯಿತು. ಅಂಗಾತ ಹೊರಳಿ ಒಮ್ಮೆ ಮೈಮುರಿದರು.

ಆಗಲೇ ಸಿಸ್ಟರ್, “ಒಪ್ಪಿಗೆಯಾಯ್ತು ಸಾಹುಕಾರ್ರೇ. ಪ್ರತಿ ಮಂಚಕ್ಕೂ ಒಂದೊಂದು ಇರಲಿ!” ಅಂದರು.

“ಪ್ರತಿ ಮಂಚಕ್ಕೂ?” ಎನ್ನುತ್ತ ಸಾಹುಕಾರರು ಖುಷಿಗೆ ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರಲು ಹೋದರು.

ಸೊಂಟದಲ್ಲಿ ಕಟಕ್ಕೆಂದಿತು. ಅರ್ಧ ಎದ್ದವರು ಅಲ್ಲೇ ಸಿಕ್ಕಿಕೊಂಡರು. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

“ಅಣ್ಣಾ, ಹಾಗಲ್ಲ!” ಎಂದು ಬಸುರಿಯರೆಲ್ಲ ಒಟ್ಟಿಗೆ ಕೂಗಿದರು. “ಮಗ್ಗುಲಿಗೆ ತಿರುಗಿ! ಕಾಲು ಇಳಿಬಿಡಿ! ಕೈ ಊರಿ! ನಿಧಾನ, ನಿಧಾನ… ಉಸಿರು ಬಿಡಿ!”

ಯಾರದೋ ಗಾಡಿಯಲ್ಲಿ ಮನೆಗೆ ತಂದು, ಹೆಂಡತಿಯ ಮಂಚದ ಪಕ್ಕ ನೆಲಕ್ಕೆ ಹಾಸಿಗೆ ಹಾಸಿ ಮಲಗಿಸಿದರು. ಡಾಕ್ಟರಮ್ಮ ಹೆಂಡತಿಗೆ ಹೇಳಿದ್ದನ್ನೇ ಇವರಿಗೂ ಹೇಳಿದರು, ಶಾಖ, ಮಗ್ಗುಲು, ಮಂಡಿ ನಡುವೆ ದಿಂಬು. ತಾಯಿ ಓಡಿಹೋಗಿ ಹಿತ್ತಲ ಬಾಗಿಲಿಂದ ಮಹೋಪಧಾನವನ್ನು ತಂದು ಮಗನ ಸುತ್ತ ಒತ್ತಿಟ್ಟರು. ಸಾಹುಕಾರರು ಅದಕ್ಕೆ ಮಂಡಿ ಕೊಟ್ಟು ನೋಡಿದರು. ಗೋಡೆಯೇ ಸರಿ. ಬಾಯ್ತೆರೆದು ನರಳಿದರು.

“ಸ್ವಲ್ಪ ಮೆಲ್ಲಗೆ ನರಳ್ರೀ,” ಪಕ್ಕದ ಮಂಚದಿಂದ ಹೆಂಡತಿ ಅಂದಳು. “ಎದುರು ಮನೆಯವರು ಹಾಸಿಗೆ ತಗೋಬೇಕು ಅಂತಿದ್ದಾರೆ.”

ಸಾಹುಕಾರರು ಹಲ್ಲು ಕಚ್ಚಿ ಸಹಿಸಿದರು. ತಾಳಲಾರದೆ ದನಿ ತಗ್ಗಿಸಿದರು.

“ಲೇ… ನನ್ನ ಪ್ಯಾಂಟು ನನಗೆ ಕೊಡೇ. ಒಂದು ಗಂಟೆ ಮಟ್ಟಿಗಾದ್ರೂ.”

ಹೆಂಡತಿ ಮದುವೆಯ ಪ್ಯಾಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಮೆಲ್ಲಗೆ, ಡಾಕ್ಟರಮ್ಮ ಹೇಳಿದ ಹಾಗೆಯೇ ಇವರ ಕಡೆ ಮಗ್ಗುಲಾಗಿ ಕೇಳಿದಳು.

“ನಿಮಗೀಗ ಎಷ್ಟನೇ ತಿಂಗಳು?”